ತೋಪಿಗೆ ಹಾಕಿಸಿದ ಹೆಸರು

ಬೀರಸಿದ್ದಪ್ಪನ ಹತ್ತಿರ ತಾನು ತೋಪು ಹಾರಿಸಿದ್ದಕ್ಕೆ ಸಾಕ್ಷಿ ಇರಲಿಲ್ಲ. ಪಿಂಚಣಿ ಇತ್ತು, ಮೀಸೆ ಇತ್ತು. ಅವೆರಡೂ ದಂಡಿನ ಅಡುಗೆಯವನಿಗೂ ಇರುತ್ತವೆ ಎಂದು ಬಾಜೂ ಮನೆಯ ಲಕ್ಕವ್ವ ಕಲ್ಲೋಳಿ ಊರಿಗೆಲ್ಲ ಹೇಳಿಟ್ಟಿದ್ದಳು.

ಅದು ಕಾರ್ಗಿಲ್ ಯುದ್ಧದ ವರ್ಷ. ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಧ್ವಜ ಹಾರಿಸಲು ಯುದ್ಧ ಮಾಡಿದವನೇ ಬೇಕೆಂದು ಕಮಿಟಿ ಅಧ್ಯಕ್ಷ ತಾತ್ಯಾಸಾಹೇಬರು ಪಟ್ಟು ಹಿಡಿದಿದ್ದರು.

"ಎಪ್ಪತ್ತೊಂದರಾಗ ನಾ ಹಾರಿಸಿದ ತೋಪು ದಂಡಿನ ಮ್ಯೂಸಿಯಮ್ಮಿನಾಗ ನಿಂತೈತ್ರಿ. ನಡೀರಿ, ತೋರಸ್ತೇನಿ," ಎಂದ ಬೀರಸಿದ್ದಪ್ಪ.

"ಬಟಾಟಿ ಸುಲಿಯೋ ಚಾಕೂನೂ ಅಲ್ಲೇ ಇಟ್ಟಿರಬೇಕು," ಎಂದಳು ಲಕ್ಕವ್ವ. ಯಾರೂ ಕರೆಯದಿದ್ದರೂ ಬುತ್ತಿ ಕಟ್ಟಿಕೊಂಡು ಟ್ರ್ಯಾಕ್ಸ್ ಹತ್ತಿದಳು. ಒಟ್ಟು ಹದಿನಾಲ್ಕು ಮಂದಿ. ಹುಕ್ಕೇರಿ ದಾಟುವಾಗ ಟೈರು ಪಂಕ್ಚರ್ ಆಯಿತು. ತೋಪು ಎಳೆದವನಿಗೆ ಇದೇನು ಮಹಾ ಎಂದು ಜ್ಯಾಕನ್ನು ಬೀರಸಿದ್ದಪ್ಪನ ಕೈಗೇ ಕೊಟ್ಟರು.

ಮ್ಯೂಸಿಯಮ್ಮಿನ ಅಂಗಳದಲ್ಲಿ ತೋಪು ಹೊಸ ಹಸಿರು ಬಣ್ಣ ಬಳಿದುಕೊಂಡು, ಹೆಣ್ಣು ನೋಡಲು ಬಂದವರ ಎದುರಿನ ಹುಡುಗಿಯಂತೆ ಮೂತಿ ತಗ್ಗಿಸಿ ನಿಂತಿತ್ತು.

"ಇದು ನಿಂದ ಅಂತ ಹ್ಯಾಂಗ ನಂಬೂದಪಾ?" ಎಂದರು ತಾತ್ಯಾಸಾಹೇಬರು.

ಬೀರಸಿದ್ದಪ್ಪ ಹಗ್ಗ ದಾಟಿ, ತೋಪಿನ ಕೆಳಗೆ ತೂರಿ, ಮನೆಯ ಕೀಲಿಕೈಯಿಂದ ಬಣ್ಣ ಕೆರೆದ. ಒಳಗಿನಿಂದ ಅಕ್ಷರ ಎದ್ದವು: ಬೀರಸಿದ್ದಪ್ಪ ಕಲ್ಲೋಳಿ.

"ನನ್ನ ಕೈಲೇನ ಕೊರದದ್ದು! ಲಗ್ನದಾಗ ಭಾಂಡೆ-ಪಾತ್ರೆ ಅದಲಬದಲ ಆಗಬಾರದಂತ ಹೆಸರು ಹಾಕಸ್ತೀವಲ್ಲ, ಹಂಗ. ಬ್ಯಾರೆ ತುಕಡಿಯವ್ರು ಎಳಕೊಂಡ ಹೋದ್ರ?"

ಲಕ್ಕವ್ವ ಬಗ್ಗಿ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಸೆರಗಿನಿಂದ ಅವುಗಳ ಮೇಲಿನ ಬಣ್ಣದ ಪುಡಿ ಒರೆಸಿದಳು.

ಅಷ್ಟರಲ್ಲಿ ಕಾವಲಿನ ಹವಾಲ್ದಾರ ಬಂದ. ಮೂಡಲಗಿಯ ಕಡೆಯವನು, ಕನ್ನಡ ಓದಬಲ್ಲವನು.

"ಸರ್ಕಾರಿ ತೋಪು ಕೆಡಿಸ್ಯಾನಲ್ಲ, ಯಾರಂವ ಬೀರಸಿದ್ದಪ್ಪ?"

ಬೀರಸಿದ್ದಪ್ಪ ಕೀಲಿಕೈಯನ್ನು ಕಿಸೆಗೆ ಇಳಿಸಿದ. ಅಟೆನ್ಷನ್ನಿನಲ್ಲಿ ನಿಂತು, "ನನಗ ಗೊತ್ತಿಲ್ರಿ ಸಾಹೇಬ್ರ. ನಾ ದಂಡಿನ್ಯಾಗ ಬರೇ ಅಡಗಿ ಮಾಡ್ತಿದ್ದೆ," ಎಂದ.

"ಸುಳ್ಳ್ರಿ!" ಲಕ್ಕವ್ವ ಸಿಡಿದಳು. "ಇವನ ನೋಡ್ರಿ ಬೀರಸಿದ್ದಪ್ಪ. ಈ ತೋಪು ಹಾರಿಸಿದ ಗಂಡಮಗ! ಊರ ಮಂದಿ ಎಲ್ಲಾರೂ ಸಾಕ್ಷಿ ಅದೇವಿ."

ತಾತ್ಯಾಸಾಹೇಬರಿಂದ ಡ್ರೈವರ್‌ನವರೆಗೆ ಎಲ್ಲ ತಲೆಗಳೂ ಹೆಮ್ಮೆಯಿಂದ ಹೌದೆಂದವು.

ಸಂಜೆಯವರೆಗೆ ಬೀರಸಿದ್ದಪ್ಪ ಹವಾಲ್ದಾರ ಕೊಟ್ಟ ಪಾಲಿಶ್ ಕಾಗದ ಹಿಡಿದು ತೋಪಿನ ಕೆಳಗೆ ಮಲಗಿ ತನ್ನ ಹೆಸರನ್ನು ಉಜ್ಜಿ ಅಳಿಸಿದ. ಮರಳುವ ದಾರಿಯಲ್ಲಿ ಗೋಕಾಕ ಬಂದಾಗ ತಾತ್ಯಾಸಾಹೇಬರು ಹೇಳಿದರು:

"ನೀ ಯುದ್ಧಾ ಮಾಡಿದ್ದು ಖರೆ, ಒಪ್ಪಿದೆ. ಆದ್ರ ಸರ್ಕಾರಿ ಮಾಲು ಕೆಡಿಸಿದಾವನ ಕೈಲೆ ಝೇಂಡಾ ಹ್ಯಾಂಗ ಹಾರ್ಸೂದು?"

ಹದಿನೈದಕ್ಕೆ ಧ್ವಜವನ್ನು ಅವರೇ ಹಾರಿಸಿದರು. ತೋಪಿನ ಮೇಲಿಂದ ಹಾರಿಹೋದದ್ದು ಬೀರಸಿದ್ದಪ್ಪನ ಎಂಟು ಅಕ್ಷರ.