ಸ್ಪೀಕರಿಗೆ ವರ ಹುಡುಕಿದ್ದು

ಸುರಪುರದ ಬಜಾರಿನಲ್ಲಿ ನನ್ನ ಬಟ್ಟೆ ಅಂಗಡಿಯಿದೆ. ಕಣ್ಣು ಮುಚ್ಚಿಕೊಂಡು ಸೀರೆಯ ಸೆರಗು ಮುಟ್ಟಿದರೂ ಸಾಕು, ಅದು ಇಳಕಲ್ಲಿನದೋ ಅಥವಾ ಇಳಕಲ್ಲಿನದೆಂದು ಸುಳ್ಳು ಹೇಳಿ ತಂದದ್ದೋ ಎಂದು ಬೆರಳಿನಿಂದಲೇ ಹೇಳಬಲ್ಲೆ. ಇದನ್ನು ಜಂಬದಿಂದ ಹೇಳುತ್ತಿಲ್ಲ. ಜಂಬವಿಲ್ಲದೆ ಹೇಳಲು ನನಗೆ ಬರುವುದಿಲ್ಲ, ಅಷ್ಟೇ! ಬೆರಳು ಇಷ್ಟು ಚುರುಕಾಗಿರುವ ಮನುಷ್ಯನ ಕಿವಿಯೂ ಅಷ್ಟೇ ಚುರುಕಾಗಿರಲೇಬೇಕು ಎಂದು ನಾನು ನಂಬಿದ್ದೆ. ಮುಂದಿನ ಎಲ್ಲ ಅನಾಹುತಕ್ಕೂ ಆ ನಂಬಿಕೆಯೇ ಮೂಲ.

ಕಡೇಚೂರಿನ ಕಾರ್ಖಾನೆಯೊಂದರ ದೊಡ್ಡ ಸಾಹೇಬರು ವರ್ಗವಾಗಿ ಹೋಗುವಾಗ ತಮ್ಮ ಮನೆಯ ವಿದೇಶಿ ಸ್ಪೀಕರುಗಳನ್ನು ಮಾರುತ್ತಾರೆಂದು ಸುದ್ದಿ ಬಂತು. ಹೋಗಿ ನೋಡಿದೆ. ನನ್ನ ಎದೆಯೆತ್ತರದ ಎರಡು ಪೆಟ್ಟಿಗೆ, ಮೈಯೆಲ್ಲ ನುಣ್ಣನೆಯ ಮರ. ಸಾಹೇಬರು ಒಂದು ಹಾಡು ಹಾಕಿದರು. ತಬಲಾದ ಮೇಲೆ ಬೆರಳು ಬಿದ್ದದ್ದು ಮಾತ್ರವಲ್ಲ, ಎದ್ದದ್ದೂ ಕೇಳಿಸಿತು!

"ಹಾಡು ಪೆಟ್ಟಿಗೆಯಿಂದ ಬರುತ್ತಿದೆ ಅಂತ ಅನ್ನಿಸಲೇಬಾರದು. ಅದೇ ಇದರ ಹೆಚ್ಚುಗಾರಿಕೆ," ಎಂದರು ಸಾಹೇಬರು. ಆ ಮಾತನ್ನು ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡೆ. ಆದರೆ ಆಂಪ್ಲಿಫೈಯರನ್ನು ಅವರು ಕೊಡಲೊಪ್ಪಲಿಲ್ಲ. "ಇವಕ್ಕೆ ಸರಿಯಾದ ಜೋಡಿ ನೀವೇ ಹುಡುಕಿಕೊಳ್ಳಿ. ಜೋಡಿ ತಪ್ಪಿದರೆ ಎರಡೂ ಹಾಳು," ಎಂದರು.

"ನಾ ಮದುವಿ ಜವಳಿ ಮಾರಾವ್ರಿ ಸಾಹೇಬ್ರ. ಜೋಡಿ ನನಗ ಬಿಡ್ರಿ!" ಎಂದೆ.

ಸ್ಪೀಕರುಗಳು ಕೌದಿ ಹೊದ್ದು, ಟೆಂಪೋದಲ್ಲಿ ನವವಧುಗಳಂತೆ ನಮ್ಮ ಮನೆಗೆ ಬಂದವು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ನೀಲಮ್ಮ ಅವುಗಳನ್ನು ಮೇಲಿಂದ ಕೆಳಗೆ ನೋಡಿದಳು.

"ಏನ್ರೀ ಇವು? ಬಾಗಿಲ ಇಲ್ಲದ ಕಪಾಟ ತಂದೀರಲ್ಲ!"

"ಕಪಾಟ ಅಲ್ಲ ಮಾರಾಯ್ತಿ, ಸ್ಪೀಕರ್."

"ಹಂಗಾರ ಒಂದು ಹಾಡ ಹಚ್ಚ್ರಿ."

"ಇನ್ನಾ ಆಂಪ್ಲಿಫೈಯರ್ ಇಲ್ಲ."

"ಅದ ಇಲ್ಲಂದ್ರ?"

"ಹಾಡಾಂಗಿಲ್ಲ."

ಮರುದಿನ ಸ್ಪೀಕರುಗಳ ಮೇಲೆ ಹಪ್ಪಳ ಒಣಗುತ್ತಿದ್ದವು.

ಇಲ್ಲಿ ಒಂದು ಮುಖ್ಯ ವಿಷಯ ಹೇಳಬೇಕು. ನೀಲಮ್ಮ ನಮ್ಮ ಓಣಿಯ ಭಜನಾ ಮಂಡಳಿಯ ಮುಂದಾಳು. ಅವಳು ದನಿ ಎತ್ತಿದರೆ ಉಳಿದವರು ಹಿಂದೆ ಬರಬೇಕು, ತಾಳವೂ ಹಿಂದೆಯೇ ಬರಬೇಕು. ಆ ಮಂಡಳಿಯವರು ತಿಂಥಣಿ ಮೌನೇಶ್ವರನ ಮೇಲಿನ ಪದವೊಂದನ್ನು ಯಾದಗಿರಿಯಲ್ಲಿ ಒಳ್ಳೆಯ ಮೈಕಿನ ಮುಂದೆ ಹಾಡಿ ರೆಕಾರ್ಡ್ ಮಾಡಿಸಿಕೊಂಡು ಬಂದಿದ್ದರು. ಅದು ನನ್ನ ಫೋನಿನಲ್ಲಿತ್ತು. ನೀಲಮ್ಮನಿಗೆ ಅದನ್ನು ಕೇಳುವ ಆಸೆ.

"ಎಲ್ಲಾರ ದನಿ ಕೇಳೇನಿ, ನಂದು ಹ್ಯಾಂಗದ ಅಂತ ನನಗ ಗೊತ್ತಿಲ್ಲ. ಒಂದ ಸಲ ಫೋನದಾಗರ ಹಚ್ಚ್ರಿ," ಎಂದಳು.

ನಾನು ಖಡಾಖಂಡಿತವಾಗಿ ನಿರಾಕರಿಸಿದೆ. "ಫೋನಿನ ಆ ತೂತಿನಾಗಿಂದ ನಿನ್ನ ದನಿ ಬರೂದೇನು? ನಿನಗೂ ಅವಮಾನ, ನನಗೂ ಅವಮಾನ! ಮೊದಲನೇ ಸಲ ಕೇಳೂದು ಅಂದ್ರ ಈ ಸ್ಪೀಕರದಾಗ ಕೇಳಬೇಕು." ಹೆಂಡತಿಯ ಮೇಲಿನ ಅಭಿಮಾನದಿಂದಲೇ ಹೀಗೆಂದೆ. ಆದರೆ ಅದರ ಫಲವಾಗಿ ಪಾಪ, ಶ್ರಾವಣ ಕಳೆದು ದೀಪಾವಳಿ ಬಂದರೂ ಅವಳು ತನ್ನ ದನಿ ಕೇಳಲಿಲ್ಲ.

ಅಷ್ಟರಲ್ಲಿ ನಾನು ವರಾನ್ವೇಷಣೆಯಲ್ಲಿ ಮುಳುಗಿದ್ದೆ. ಅಂಗಡಿಯಲ್ಲಿ ಗಿರಾಕಿಗಳು ಲಂಗದ ಬಟ್ಟೆ ಕೇಳಿದರೆ ನಾನು ವಾಟ್ ಎಂದರೇನು, ಓಮ್ ಎಂದರೇನು ಎಂದು ಫೋನಿನಲ್ಲಿ ಓದುತ್ತಿದ್ದೆ. ಓದಿದ್ದು ತಿಳಿಯಲಿಲ್ಲ. ತಿಳಿಯದಿದ್ದರೂ ಬೇರೆಯವರಿಗೆ ತಿಳಿಸಲು ತೊಂದರೆಯಾಗಲಿಲ್ಲ! ಎದುರಿನ ಕಿರಾಣಿ ಅಂಗಡಿಯ ಶರಣಪ್ಪ ಮಾತ್ರ ದಿನಾಲೂ ಚುಚ್ಚುತ್ತಿದ್ದ.

"ಏನ್ ಸಾಹುಕಾರ್ರ, ನಿಮ್ಮ ಮೂಕ ಪೆಟಿಗಿ ಬಾಯಿ ಬಿಟ್ಟಾವೇನು?"

"ಬಿಡತಾವ, ಬಿಡತಾವ. ಬಿಟ್ಟ ದಿವಸ ನೀ ಕಿವಿ ಮುಚ್ಗೋತಿ!"

ಮೊದಲನೆಯ ವರ ಯಾದಗಿರಿಯ ಅಂಗಡಿಯಿಂದ ಬಂದ. ಚಿಕ್ಕವನು, ಚೆಂದದವನು, ಮುಖದ ತುಂಬ ನೀಲಿ ದೀಪ. ಅಂಗಡಿಯವನೇ ಬಂದು ಜೋಡಿಸಿದ. ಪರೀಕ್ಷೆಗೆಂದು ಹಳೆಯ ಹಾಡು ಹಾಕಿದೆವು. ಹಾಡು ಬಂತು, ಬಾವಿಯ ತಳದಲ್ಲಿ ಯಾರೋ ಗೊಣಗಿದಂತೆ. ಇನ್ನಷ್ಟು ತಿರುಗಿಸಿದೆವು. ಸದ್ದು ಏರಲಿಲ್ಲ, ಆಂಪ್ಲಿಫೈಯರಿನ ಜ್ವರ ಏರಿತು! ಅದರ ನೆತ್ತಿ ರೊಟ್ಟಿ ಹಂಚಿನಂತೆ ಕಾಯತೊಡಗಿತು. ಆ ರಾತ್ರಿ ನೀಲಮ್ಮ ಅದರ ಪಕ್ಕದಲ್ಲಿ ಹೆಪ್ಪು ಹಾಕಿದ ಹಾಲಿನ ಪಾತ್ರೆ ಇಟ್ಟಳು.

"ಹಾಡ ಬರದಿದ್ರ ಬಿಡ್ರಿ, ಚಳಿಗಾಲದಾಗೂ ಮಸರು ಮಸ್ತ್ ಆಗೇದ," ಎಂದಳು ಬೆಳಿಗ್ಗೆ. ಆ ವರನನ್ನು ಗೌರವಪೂರ್ವಕವಾಗಿ ವಾಪಸು ಕಳಿಸಿದೆ. ನೀಲಮ್ಮನಿಗೆ ಸ್ವಲ್ಪ ಬೇಜಾರಾಯಿತು.

ಎರಡನೆಯ ವರ ಶಹಾಪುರದ ಮೈಕ್ ಸೆಟ್ಟಿನವನ ಬಳಿ ಸಿಕ್ಕ. ಮದುವೆ ಮೆರವಣಿಗೆಗಳಲ್ಲಿ ದುಡಿದು ಹುರಿಗಟ್ಟಿದ ದೇಹ. ನಾಲ್ಕು ದಿನ ಇಟ್ಟುಕೊಂಡು ನೋಡಿ ಎಂದು ಮೈಕಿನವನೇ ತಂದು ಜೋಡಿಸಿ ಹೋದ. ಸಂಜೆ ಗುಂಡಿ ಒತ್ತಿದೆ. 'ಗುಂಯ್' ಎಂದು ಜೇನುಹುಳು ಎದ್ದಂಥ ಸದ್ದು ಬಂತು. ಅದನ್ನು ಮುಚ್ಚಲು ಹಾಡನ್ನು ಜೋರು ಮಾಡಿದೆ. ಆ ಕ್ಷಣಕ್ಕೆ ಸರಿಯಾಗಿ ಇಡೀ ಓಣಿಯ ಕರೆಂಟ್ ಹೋಯಿತು!

ಬಹುಶಃ ಅದು ದಿನದ ಕರೆಂಟ್ ಹೋಗುವ ಹೊತ್ತೇ ಇರಬೇಕು. ಆದರೆ ಓಣಿಯವರೆಲ್ಲ ನಮ್ಮ ಬಾಗಿಲಿಗೆ ಬಂದರು. "ತಮ್ಮಾ, ಧಾರಾವಾಹಿದಾಗ ಸೊಸಿ ಮನಿ ಬಿಟ್ಟ ಹೊಂಟಿದ್ಳು, ಬಂದ್ ಮಾಡಿಬಿಟ್ಟೆಲ್ಲೋ!" ಎಂದು ಮಂಡಳಿಯ ಹಿರಿಯಳಾದ ಗಂಗಮ್ಮಾಯಿ ಬೈದಳು. ತಪ್ಪು ನನ್ನದಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ! ಓಣಿಯ ಕರೆಂಟನ್ನೇ ಕುಡಿದ ಆಂಪ್ಲಿಫೈಯರ್ ಯಾರ ಮನೆಯಲ್ಲಿದೆ? ಕತ್ತಲಲ್ಲಿ ಮೀಸೆ ತಿರುವಿಕೊಂಡು, "ತಪ್ಪಾತ್ರಿ, ಪವರ್ ಜರಾ ಜಾಸ್ತಿ ಅದ," ಎಂದೆ. ಅದೇ ಉಬ್ಬಿನಲ್ಲಿ, ಭಾನುವಾರ ಸಂಜೆ ಮಂಡಳಿಯವರೆಲ್ಲ ಬಂದು ತಮ್ಮ ಪದವನ್ನು ಕೇಳಬೇಕೆಂದು ಆಹ್ವಾನವನ್ನೂ ಕೊಟ್ಟುಬಿಟ್ಟೆ. ನೀಲಮ್ಮನ ಮುಖ ಆ ಕತ್ತಲಲ್ಲೂ ಅರಳಿದ್ದು ಕಂಡಿತು.

ಭಾನುವಾರ ಮಧ್ಯಾಹ್ನ ಮೈಕಿನವನು ಬಂದು ಆಂಪ್ಲಿಫೈಯರ್ ಎತ್ತಿಕೊಂಡು ಹೋದ. ದೇವಾಪುರದಲ್ಲಿ ಮದುವೆಯಂತೆ, ಬೇರೆಯದು ಕೆಟ್ಟಿದೆಯಂತೆ.

ನೀಲಮ್ಮ ಹೊಸ ಸೀರೆ ಉಟ್ಟಿದ್ದಳು. ಒಲೆಯ ಮೇಲೆ ಮಂಡಕ್ಕಿ ಸುಸಲಾ ಆಗುತ್ತಿತ್ತು. "ಬಂದವ್ರಿಗೆ ಏನ್ ಹೇಳ್ತೀರಿ?" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಸುಮ್ಮನೆ ಸೆರಗು ಸರಿಮಾಡಿಕೊಂಡಳು.

ಆಗ ಓಣಿಯ ತುದಿಯಲ್ಲಿ ಹಾಡು ಕೇಳಿಸಿತು. ಹಿಂದಿನ ಮನೆಯ ಮಲ್ಲಯ್ಯನ ಟ್ರ್ಯಾಕ್ಟರ್! ಅವನು ಹೊಲ ಹರಗುವಾಗಲೂ ಹಾಡು ಬೇಕೆನ್ನುವ ಮನುಷ್ಯ. ಸೀಟಿನ ಹಿಂದೆ ಆಂಪ್ಲಿಫೈಯರ್, ತಲೆಯ ಮೇಲಿನ ಹುಡ್ಡಿಗೆ ನಾಲ್ಕು ದೊಡ್ಡ ಸ್ಪೀಕರ್ ಬಾಕ್ಸು. ಓಡಿಹೋಗಿ ಅಡ್ಡ ನಿಂತೆ.

"ಮಲ್ಲಯ್ಯಾ, ನಿನ್ನ ಆಂಪ್ಲಿಫೈಯರ್ ಬೇಕಾಗೇದ. ಮರ್ಯಾದಿ ಪ್ರಶ್ನಾ!"

"ಅದು ಬ್ಯಾಟ್ರಿ ಮ್ಯಾಲ ನಡೀತದಣ್ಣಾ. ಬಿಚ್ಚಾಕ ಬರಾಂಗಿಲ್ಲ. ಬೇಕಾದ್ರ ಟ್ರ್ಯಾಕ್ಟರೇ ಮನಿ ಮುಂದ ಹಚ್ತೀನಿ. ನಲವತ್ತೈದು ಎಚ್.ಪಿ. ಗಾಡಿ ಅದ, ಚಿಂತಿ ಮಾಡಬ್ಯಾಡ. ಖರೆ, ಬ್ಯಾಟ್ರಿ ಡೌನ್ ಅದ, ಇಂಜಿನ್ ಚಾಲೂ ಇರಬೇಕು."

ನಮ್ಮ ಕಿಟಕಿಯ ಕೆಳಗೆ ಟ್ರ್ಯಾಕ್ಟರ್ ಬಂದು ನಿಂತಿತು. ಹೈದರಾಬಾದಿನಿಂದ ತರಿಸಿ ಬೀರುವಿನಲ್ಲಿ ಇಟ್ಟಿದ್ದ ಹೆಬ್ಬೆರಳು ದಪ್ಪದ ವೈರನ್ನು ಹೊರತೆಗೆದೆ. ಮುಟ್ಟಿದರೆ ರೇಷ್ಮೆ! "ಕೊಡಣ್ಣಾ, ನಾ ಹಚ್ತೀನಿ," ಎಂದ ಮಲ್ಲಯ್ಯನಿಗೆ ಹೊರಗಿನ ತುದಿ ಕೊಟ್ಟು, ಬಾಗಿಲ ಸಂದಿಯಿಂದ ಒಳಗೆ ಎಳೆದು, ಸ್ಪೀಕರಿನ ತುದಿಯನ್ನು ನಾನೇ ಜೋಡಿಸಿದೆ. ಮಲ್ಲಯ್ಯ ತನ್ನ ತುದಿಯನ್ನು ಹಲ್ಲಿನಿಂದ ಕಚ್ಚಿ ಸುಲಿದದ್ದನ್ನು ನೋಡಿ ನನ್ನ ಕರುಳು ಕಿತ್ತು ಬಂತು. ಇಂಥ ವೈರನ್ನು ಸುಲಿಯುವುದೇ? ನಾನು ಅದರ ನುಣುಪಾದ ಹೊದಿಕೆಗೆ ಒಂದು ಗೆರೆಯೂ ಬೀಳದಂತೆ, ಒಳಗಿನ ತಾಮ್ರ ಚೂರೂ ಹೊರಗೆ ಕಾಣದಂತೆ, ಹಾಗೇ ತಿರುಪಿನ ಕೆಳಗೆ ಸಿಕ್ಕಿಸಿ ಬಿಗಿದೆ. ಅಲ್ಲಿಂದ ಮುಂದಿನದು ದೇವರ ಕೆಲಸ.

ಮಂಡಳಿಯವರು ಬಂದು ಚಾಪೆಯ ಮೇಲೆ ಕುಳಿತರು. ನಾನು ಸ್ಪೀಕರುಗಳ ನಡುವೆ ನಿಂತು ಚಿಕ್ಕದೊಂದು ಭಾಷಣ ಮಾಡಿದೆ. ಫೋನನ್ನು ಕಿಟಕಿಯಿಂದ ಮಲ್ಲಯ್ಯನ ಕೈಗೆ ಕೊಟ್ಟು, ಸನ್ನೆ ಮಾಡಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಮಲ್ಲಯ್ಯ ಕಿಟಕಿಯಲ್ಲಿ ಇಣುಕಿ ನಮ್ಮನ್ನೆಲ್ಲ ನೋಡಿ ಮರೆಯಾದ. ಆಮೇಲೆ ಬಂತು ನೋಡಿ ಹಾಡು! ನೀಲಮ್ಮನ ದನಿ!

ನಾನು ಕಣ್ಣು ಮುಚ್ಚಿದೆ. "ಕೇಳ್ರಿ! ಪೆಟಿಗಿಯಿಂದ ಬಂದಾಂಗ ಅನಸ್ತದೇನು? ಇಲ್ಲ! ನೀಲಮ್ಮ ಕಿಟಕಿ ಹೊರಗ ನಿಂತು ಹಾಡಿದಾಂಗ ಅದ! ಇದಕ್ಕ ಹೈ-ಎಂಡ್ ಅಂತಾರ!"

"ಖರೇನ, ಹೊರಗಿಂದ ಬಂದಾಂಗ ಆಗ್ತದ," ಎಂದಳು ಗಂಗಮ್ಮಾಯಿ ಬೆರಗಾಗಿ.

"ಮತ್ತ ಕೆಳಗ ಗುಡುಗುಡು ಅಂತದಲ್ಲ, ಎದಿಗೆ ಹತ್ತತದಲ್ಲ? ಅದು ಬೇಸ್! ಹತ್ತು ಮನಿ ಸ್ಪೀಕರದಾಗ ಇಂಥಾದು ಸಿಗಾಂಗಿಲ್ಲ!"

ಎಲ್ಲರೂ ಎದೆ ಮುಟ್ಟಿ ನೋಡಿಕೊಂಡರು. ನನ್ನ ಜೀವನದಲ್ಲಿ ಅಂಥ ಹೆಮ್ಮೆಯ ಗಳಿಗೆ ಇನ್ನೊಂದಿಲ್ಲ.

ಅಷ್ಟರಲ್ಲಿ ಟ್ರ್ಯಾಕ್ಟರಿನ ಹೊಗೆ ಒಳಗೆ ಬಂದು ಗಂಗಮ್ಮಾಯಿ ಕೆಮ್ಮಿದಳು. ನೀಲಮ್ಮ ಎದ್ದು ಕಿಟಕಿ ಮುಚ್ಚಿದಳು.

ಹಾಡು ಅಡಗಿತು.

ಕಿಟಕಿ ತೆರೆದಳು. ಹಾಡು ಬಂತು. ಮುಚ್ಚಿದಳು. ಅಡಗಿತು. ನನ್ನ ಕಡೆ ಒಮ್ಮೆ ನೋಡಿ, ಸ್ಪೀಕರಿನ ಬಳಿ ಹೋಗಿ ಕಿವಿ ಹಚ್ಚಿದಳು.

"ರೀ, ಇದು ಉಸಿರಾಡಾಕತ್ತಿಲ್ಲ," ಎಂದಳು.

ಬಾಗಿಲು ತೆರೆದು ಮಲ್ಲಯ್ಯ ತಲೆ ಕೆರೆದುಕೊಳ್ಳುತ್ತ ನಿಂತ. "ಬೈಬ್ಯಾಡ್ರಿ ಅಕ್ಕಾರ. ಒಳಗ ಆವಾಜೇ ಬರವಲ್ದಾಗಿತ್ತು. ಇಷ್ಟ ಮಂದಿ ಕುಂತಾರ, ಅಣ್ಣನ ಮರ್ಯಾದಿ ಹೋಗಬಾರದಂತ ನನ್ನ ಬಾಕ್ಸ್ ಚಾಲೂ ಮಾಡಿದೆ. ಅಣ್ಣ ಅಷ್ಟು ಹೊಗಳಾಕತ್ತಿದ್ದ, ಬಂದ್ ಮಾಡಾಕ ಮನಸಾಗಲಿಲ್ಲ!"

ಮೊದಲು ನಕ್ಕದ್ದು ಗಂಗಮ್ಮಾಯಿ. ಆಮೇಲೆ ಚಾಪೆಯೇ ನಕ್ಕಿತು. ನೀಲಮ್ಮ ನಗುತ್ತ ಕಣ್ಣೊರೆಸಿಕೊಂಡು, "ನಡೀರಿ, ಎಲ್ಲಾರೂ ಹೊರಗ ಕೂಡೂಣು. ನನ್ನ ಹಾಡು ಅಲ್ಲೇ ಅದ," ಎಂದಳು. ಸುಸಲಾದ ತಟ್ಟೆಗಳ ಸಮೇತ ಎಲ್ಲರೂ ಕಟ್ಟೆಗೆ ಬಂದೆವು. ಇಷ್ಟು ಹೊತ್ತಿಗೆ ಬ್ಯಾಟರಿ ಒಂದು ಪದಕ್ಕೆ ಸಾಕಾಗುವಷ್ಟು ತುಂಬಿದೆಯೆಂದು ಮಲ್ಲಯ್ಯ ಇಂಜಿನ್ ನಿಲ್ಲಿಸಿದ. ನಾನು ಹೊಗಳಿದ್ದ ಬೇಸ್ ಅಲ್ಲಿಗೆ ನಿಂತಿತು.

ಆಮೇಲೆ ಪದ ಮೊದಲಿನಿಂದ ಶುರುವಾಯಿತು. ಅಡುಗೆಮನೆಯಲ್ಲಿ, ನೀರು ತುಂಬುವಾಗ, ನಾನು ಕೇಳಿಯೂ ಕೇಳದಂತಿದ್ದ ದನಿ ಓಣಿಯ ತುಂಬ ನಿಂತಿತು. ಮಾಳಿಗೆಗಳ ಮೇಲೆ ಜನ ಬಂದರು. ನೀಲಮ್ಮ ಗಲ್ಲಕ್ಕೆ ಕೈಯಿಟ್ಟುಕೊಂಡು ಬೇರೆ ಯಾರನ್ನೋ ಕೇಳುವಂತೆ ತನ್ನನ್ನೇ ಕೇಳಿದಳು. "ನಾ ಇಷ್ಟ ಛಲೋ ಹಾಡ್ತೀನೇನ್ರೀ?" ಎಂದಳು ಮೆಲ್ಲಗೆ. ಹೌದೆಂದು ತಲೆಯಾಡಿಸಿದೆ. ಬಟ್ಟೆ ಹಿಡಿದು ನೋಡುವ ಬೆರಳಿದ್ದು ಏನು ಬಂತು, ಪಕ್ಕದಲ್ಲಿದ್ದ ದನಿಯ ಬೆಲೆ ಗೊತ್ತಾಗಲು ನನಗೆ ಟ್ರ್ಯಾಕ್ಟರ್ ಬೇಕಾಯಿತು!

ಮರುದಿನ ಅಂಗಡಿಯ ಬೀಗ ತೆರೆಯುವುದರೊಳಗೆ ಶರಣಪ್ಪ ಬಂದ. ಮುಖದಲ್ಲಿ ಚುಚ್ಚುವ ಕಳೆ ಇರಲಿಲ್ಲ.

"ಸಾಹುಕಾರ್ರ, ತಪ್ಪಾತ್ರಿ. ನಿನ್ನಿ ನಮ್ಮ ಮಾಳಿಗಿ ಮ್ಯಾಲ ಕುಂತು ಕೇಳಿದೆ. ನಮ್ಮನಿ ಎಲ್ಲಿ, ನಿಮ್ಮನಿ ಎಲ್ಲಿ! ಎದುರಿಗೆ ಕುಂತು ಹಾಡಿದಾಂಗ ಆತು. ಅಕ್ಕಾರ ದನಿ ಅಂದ್ರ ದನಿ. ಅಂತೂ ಆಂಪ್ಲಿಫೈಯರ್ ಭಾರಿ ಹಿಡದೀರಿ. ಎಷ್ಟು ವಾಟಿಂದು?"

ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಎದೆ ತಾನಾಗಿಯೇ ಉಬ್ಬಿತು, ಕೈ ತಾನಾಗಿಯೇ ಮೀಸೆಗೆ ಹೋಯಿತು.

"ವಾಟ್ ಎಲ್ಲಾ ಸಣ್ಣ ಮಂದೀದು ಶರಣಪ್ಪ," ಎಂದೆ. "ನಮ್ದು ನಲವತ್ತೈದು ಎಚ್.ಪಿ.!"