ಬೀಗರ ಕುದುರೆಯ ಬೊಜ್ಜು

ನಿವೃತ್ತನಾದವನ ಮೇಲೆ ವಿಚಿತ್ರ ಕೆಲಸಗಳಿಗೆ ಅದೇನು ಪ್ರೀತಿಯೋ, ಒಂದರ ಹಿಂದೊಂದು ಮನೆ ಹುಡುಕಿಕೊಂಡು ಬರುತ್ತವೆ. ಪುಣೆಯ ಭೋಸರಿಯ ಕಾರಖಾನೆಯಲ್ಲಿ ಜೀವಮಾನವೆಲ್ಲ ಕುರ್ಚಿಯಲ್ಲಿ ಕೂತವನು ನಾನು. ನಾಲ್ಕು ಕಾಲಿನದು ಅಂದರೆ ಎದುರಿನ ಮೇಜೊಂದೇ ಗೊತ್ತಿತ್ತು. ಈಗ ನಾವಿರುವ ವಾಕಡದಲ್ಲಿ ಎದುರಾದವರು ನನಗಿಂತ ಮೊದಲು ಕುದುರೆ ಹೇಗಿದೆ ಎಂದು ಕೇಳುತ್ತಾರೆ. ಹೇಗಾಯಿತು ಅಂತ ಹೇಳಿಯೇಬಿಡುತ್ತೇನೆ.

ಒಪ್ಪಿಸಿದ್ದು

ಕುದುರೆ ನನ್ನದಲ್ಲ, ಬೀಗರದು. ಅಂದರೆ ಮಗಳ ಮಾವನವರದು. ಕಲಬುರಗಿ ಕಡೆಯಿಂದ ಬಂದು ಪುಣೆಯಲ್ಲಿ ಬಟ್ಟೆ ವ್ಯಾಪಾರದಲ್ಲಿ ಮೇಲೆ ಬಂದವರು. ನಮ್ಮ ಹಿಂದಿನ ಓಣಿಯಲ್ಲೇ ಬಂಗಲೆ. ಅಂಗಳದಲ್ಲಿ ಗಿಡ್ಡ ತಳಿಯ ಹೆಣ್ಣು ಕುದುರೆ, ನನ್ನ ಸೊಂಟದಷ್ಟು ಎತ್ತರ. ಹೆಸರು ಬಿಜಲಿ, ಅಂದರೆ ಮಿಂಚು. ಆ ಹೆಸರಿಟ್ಟಾಗ ತೆಳ್ಳಗಿದ್ದಳಂತೆ. ಚಳಿಗಾಲದ ಕುದುರೆ ಪ್ರದರ್ಶನಕ್ಕೆ ಅವಳ ಹೆಸರು ಕೊಟ್ಟಾಗಿತ್ತು, ಅಷ್ಟರಲ್ಲಿ ಬೀಗರಿಗೆ ಮೊಣಕಾಲಿನ ಆಪರೇಶನ್ ಆಯಿತು.

"ಬೀಗರ, ಇನ್ನ ನೀವ ನೋಡಕೋಬೇಕ್ರಿ. ಮನ್ಯಾಗ ಖಾಲಿ ಕೂತೀರಿ" ಎಂದರು ಹಾಸಿಗೆಯಿಂದಲೇ.

ಹೆಣ್ಣು ಕೊಟ್ಟವನು ಬೀಗರಿಗೆ ಆಗುವುದಿಲ್ಲ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಒಪ್ಪಿಕೊಂಡ ಮರುದಿನ ಪಶುವೈದ್ಯರು ಬಂದು ಬಿಜಲಿಯ ಕತ್ತು ಅಮುಕಿ ನೋಡಿ ಮುಖ ಸಣ್ಣದು ಮಾಡಿದರು. "ಬೊಜ್ಜು ಹೀಗೇ ಏರಿದರೆ ಗೊರಸಿಗೆ ಕುತ್ತು. ಗೊರಸು ಕೆಟ್ಟರೆ ಪ್ರದರ್ಶನದ ಮಾತು ಬಿಡಿ, ಎದ್ದು ನಿಲ್ಲುವುದೇ ಕಷ್ಟ. ಬೆಲ್ಲ, ಕಾಳು, ಹಸಿ ಹುಲ್ಲು ಎಲ್ಲ ಬಂದ್. ತೂಕ ಮಾಡಿದ ಒಣಹುಲ್ಲು, ಎರಡು ಹೊತ್ತು ನಡಿಗೆ. ಹಾಗಂತ ಉಪವಾಸ ಕೆಡವಬೇಡಿ, ಈ ತಳಿಗೆ ಅದೂ ಅಪಾಯ."

ಹೆಚ್ಚು ಹಾಕಿದರೂ ಕಷ್ಟ, ಕಡಿಮೆ ಹಾಕಿದರೂ ಕಷ್ಟ. ಅವತ್ತು ಮನೆಗೆ ಬಂದು ಎರಡು ತುತ್ತು ಉಣ್ಣಲಾರದೆ ಎದ್ದೆ. ಹೆಂಡತಿ ತಾಟು ಎತ್ತುತ್ತ ಅಂದಳು, "ಆ ಮನಿಗೆ ಮಗಳನ್ನ ಕೊಡೂವಾಗ ಇಷ್ಟ ಹೆದರಿದ್ದಿಲ್ಲ ನೀವು."

ಭಾನುವಾರದ ನೈವೇದ್ಯ

ಮೊದಲ ವಾರ ಔಷಧಿ ಅಳೆದ ಹಾಗೆ ಅಳೆದು ಹುಲ್ಲು ಹಾಕಿದೆ. ಬಿಜಲಿ ಇನ್ನಷ್ಟು ದುಂಡಗಾದಳು. ತಕ್ಕಡಿಯನ್ನೇ ಬದಲಿಸಿದೆ. ಆಗಲೂ ದುಂಡಗಾದಳು. ಇದು ರೋಗವೇ ಇರಬೇಕು ಎಂದುಕೊಂಡೆ. ಭಾನುವಾರ ಸ್ವಲ್ಪ ಬೇಗ ಹೋಗಿ ನೋಡುತ್ತೇನೆ, ಗೇಟಿನ ಮುಂದೆ ಸಾಲು!

ಖಂಡೋಬನ ವಾಹನ ಕುದುರೆ, ಅವನ ವಾರ ಭಾನುವಾರ. ನಮ್ಮ ಕಡೆ ಅವನೇ ಮೈಲಾರಲಿಂಗ. ಹಾಗಾಗಿ ಅಕ್ಕಪಕ್ಕದ ಮರಾಠಿ ಬಾಯಂದಿರು, ಎದುರಿನ ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಯಾದಗಿರಿ, ರಾಯಚೂರಿನ ಮಂದಿ, ಎಲ್ಲರ ಕೈಯಲ್ಲೂ ರೊಟ್ಟಿ, ಬೆಲ್ಲ, ನೆನೆಸಿದ ಕಡಲೆಬೇಳೆ. ಬಿಜಲಿ ಹಣೆತುಂಬ ಭಂಡಾರದ ಅರಿಶಿನ ಹಚ್ಚಿಸಿಕೊಂಡು, ಅರ್ಧ ಕಣ್ಣು ಮುಚ್ಚಿ, ಒಬ್ಬರ ಮನಸ್ಸನ್ನೂ ನೋಯಿಸದೆ ತಿನ್ನುತ್ತಿದ್ದಳು.

ಕನ್ನಡ, ಮರಾಠಿ ಎರಡರಲ್ಲೂ ಬೋರ್ಡು ಬರೆಸಿ ಹಾಕಿದೆ: 'ಕುದುರೆಗೆ ಆರೋಗ್ಯ ಸರಿಯಿಲ್ಲ. ದಯವಿಟ್ಟು ಏನೂ ತಿನ್ನಿಸಬೇಡಿ.' ಮುಂದಿನ ಭಾನುವಾರ ಸಾಲು ಎರಡರಷ್ಟಾಗಿತ್ತು. ಮುಂದೆ ನಿಂತಿದ್ದ ಯಾದಗಿರಿಯ ಮುದುಕಿ ಸೆರಗಿನಿಂದ ಡಬ್ಬಿ ತೆಗೆದಳು.

"ಯಾಕಬೇ ಯವ್ವ, ಬೋರ್ಡ್ ನೋಡಿಲ್ಲೇನು?"

"ನಮ್ಮ ಹುಡುಗಿ ಓದಿ ಹೇಳಿದ್ಳು, ಯಪ್ಪಾ. ಕುದುರಿಗೆ ಆರಾಮಿಲ್ಲಂತ ಕೇಳಿ ಹೊಟ್ಟ್ಯಾಗ ಸಂಕಟ ಆತು. ಅದಕ್ಕ ಹರಕಿ ಹೊತ್ತು ಹೋಳಗಿ ಮಾಡಿಕೊಂಡ ಬಂದೀನಿ."

ತಲೆ ಓಡಿಸಿದೆ. "ನೈವೇದ್ಯ ದೇವರಿಗೆ ತೋರಸೂದು, ಆಮ್ಯಾಲೆ ನಾವು ತಿನ್ನೂದು. ಹೌದಲ್ಲೋ?" ಎಂದೆ. ಹೌದೆಂದರು. ಅವತ್ತಿನಿಂದ ಡಬ್ಬಿಗಳನ್ನು ಬಿಜಲಿಗೆ ದೂರದಿಂದ ತೋರಿಸಿ ಪ್ರಸಾದವೆಂದು ಹಂಚುವ ಪದ್ಧತಿ ಶುರುವಾಯಿತು. ಮೊದಲ ಪಾಲು ಪೂಜಾರಿಗೆ ಸೇರಬೇಕೆಂದು ಅವರೇ ಹಟ ಹಿಡಿದರು. ಪೂಜಾರಿ ಬೇರೆ ಯಾರು, ನಾನೇ.

ನಡಿಗೆ

ತಿನ್ನುವುದು ನಿಂತಿತು. ನಡೆಯುವುದು ಮಾತ್ರ ಶುರುವಾಗಲಿಲ್ಲ. ಬಿಜಲಿ ಓಣಿಯ ತಿರುವಿನತನಕ ಬರುತ್ತಿದ್ದಳು, ಅಲ್ಲಿ ನಿಲ್ಲುತ್ತಿದ್ದಳು. ಮುಂದಿನಿಂದ ಎಳೆದರೆ ಹಿಂದಕ್ಕೆ ಜಗ್ಗುವಳು, ಹಿಂದಿನಿಂದ ನೂಕಿದರೆ ನನ್ನ ಮೇಲೇ ಆರಾಮಾಗಿ ಒರಗುವಳು. ಪ್ರದರ್ಶನ ಹತ್ತಿರ ಬರುತ್ತಿತ್ತು, ಬೀಗರು ಕಿಟಕಿಯಿಂದ ದಿನವೂ, "ನಡದದ ಏನ್ರಿ?" ಎನ್ನುತ್ತಿದ್ದರು. "ನಡದದ್ರಿ" ಎನ್ನುತ್ತಿದ್ದೆ.

ಒಂದು ಸಂಜೆ ಮುಖ್ಯ ರಸ್ತೆಯಲ್ಲಿ ಮದುವೆಯ ಮೆರವಣಿಗೆ ಹೊರಟಿತ್ತು. ಬ್ಯಾಂಡಿನ ಸದ್ದು ಬಿದ್ದದ್ದೇ ಬಿಜಲಿಯ ಕಿವಿ ನೆಟ್ಟಗಾದವು. ವರ ಕೂತ ದೊಡ್ಡ ಬಿಳಿ ಕುದುರೆ ಕಂಡಿತು. ಅಷ್ಟೇ, ಓಡಿದಳು. ಹಗ್ಗದ ಈಚೆ ತುದಿಯಲ್ಲಿದ್ದದ್ದರಿಂದ ನಾನೂ ಓಡಿದೆ. ಪಟಾಕಿಗೆ ಬೆದರಿ ಯಾರನ್ನಾದರೂ ಒದ್ದರೆ, ಕಾಲು ಉಳುಕಿದರೆ, ಬೀಗರಿಗೆ ಯಾವ ಮುಖ ತೋರಿಸಲಿ ಎಂದು ಕಂಡ ದೇವರಿಗೆಲ್ಲ ಕೈಮುಗಿಯುತ್ತ ಓಡಿದೆ. ಅವಳಿಗೆ ಯಾವ ಚಿಂತೆಯೂ ಇರಲಿಲ್ಲ. ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತ ಕಲ್ಯಾಣಮಂಟಪದ ಬಾಗಿಲಿನತನಕ ಹೋದಳು.

ಬಾಗಿಲಲ್ಲಿ ಬಂದವರ ತಲೆಗೆ ಫೇಟಾ ಸುತ್ತುತ್ತಿದ್ದ ಹಿರಿಯರೊಬ್ಬರು ನನ್ನನ್ನೂ ಹಿಡಿದು ಕೂರಿಸಿ ಕೇಳಿದರು, "ಕಾಕಾ, ನವರ್‍ಯಾಕಡೂನ್ ಕಾ ನವರೀಕಡೂನ್?" ವರನ ಕಡೆಯವರೋ, ವಧುವಿನ ಕಡೆಯವರೋ ಅಂತ. ಏದುಸಿರು ಇನ್ನೂ ನಿಂತಿರಲಿಲ್ಲ. ಇದ್ದದ್ದನ್ನೇ ಹೇಳಿದೆ.

"ಘೋಡೀಕಡೂನ್."

ಕುದುರೆಯ ಕಡೆಯವರಿಗೂ ಫೇಟಾ ಕಟ್ಟಿದರು.

ಕಾಟಾ

ಆ ಹಂಗಾಮಿನಲ್ಲಿ ಎಲ್ಲೆಲ್ಲಿ ಬ್ಯಾಂಡು ಕೇಳಿತೋ ಅಲ್ಲೆಲ್ಲ ನಾವಿಬ್ಬರೂ ಹಾಜರಾದೆವು. ಆದರೆ ಬಿಜಲಿ ಇಳಿದಳೋ ಇಲ್ಲವೋ? ಕುದುರೆ ತೂಗಲು ನಮ್ಮಲ್ಲಿ ಲಾರಿ ತೂಗುವ ಕಾಟಾ ಒಂದೇ. ಶುರುವಿನಲ್ಲೇ ಭೋಸರಿಯ ಕಾಟಾಕ್ಕೆ ಟೆಂಪೋದಲ್ಲಿ ಒಯ್ದು ತೂಗಿಸಿದ್ದೆ. ಪ್ರದರ್ಶನದ ಹಿಂದಿನ ವಾರ ಅದೇ ಟೆಂಪೋದಲ್ಲಿ ಮತ್ತೆ ಹೋದೆ.

ಅಂಕಿ ಮೂಡಿತು. ಕಡಿಮೆಯಾಗುವುದಿರಲಿ, ಮೊದಲಿಗಿಂತ ಏರಿತ್ತು! ಅಷ್ಟು ಹುಲ್ಲು ತೂಗಿದ್ದು, ಅಷ್ಟು ಮದುವೆಗೆ ಓಡಿದ್ದು ಎಲ್ಲ ನೀರಲ್ಲಿ ಮಾಡಿದ ಹೋಮವಾಯಿತು. ಬೀಗರಿಗೆ ಹೇಳುವ ಮೊದಲ ಮಾತು ಏನೆಂದು ಯೋಚಿಸುತ್ತ ಬಿಜಲಿಯ ಬೆನ್ನಿಗೆ ತಲೆ ಆನಿಸಿಬಿಟ್ಟೆ.

ಕಾಟಾದವನು ಕಿಟಕಿಯಿಂದ ಕತ್ತು ಚಾಚಿ ನೋಡಿದ. "ಕಾಕಾ, ತುಮ್ಹೀ ಖಾಲೀ ಉತ್ರಾ." ನೀವು ಕೆಳಗಿಳಿಯಿರಿ ಅಂತ.

ಹೋದ ಸಲ ಕೆಳಗೆ ನಿಂತಿದ್ದೆ. ಈ ಸಲ ಅವಳು ಬೆದರಬಾರದೆಂದು ಟೆಂಪೋದಲ್ಲಿ ಅವಳ ಪಕ್ಕವೇ ನಿಂತಿದ್ದೆನಲ್ಲ! ಇಳಿದೆ. ಅಂಕಿಯೂ ದಡದಡನೆ ಇಳಿದು ಮೊದಲಿನದಕ್ಕಿಂತ ಕೆಳಗೆ ಹೋಗಿ ನಿಂತಿತು. ಖುಷಿಗೆ ಅವನ ಕೈ ಹಿಡಿದು ಕುಲುಕಿದೆ. ಅವನು ನನ್ನ ಹೊಟ್ಟೆಯ ಕಡೆ ನೋಡಿ, "ಘೋಡಿ ಬಾರೀಕ್ ಝಾಲೀ, ಕಾಕಾ. ಆತಾ ತುಮ್ಚಂ ಬಘಾ" ಎಂದ. ಕುದುರೆ ಸಣ್ಣಗಾಯಿತು, ಇನ್ನು ನಿಮ್ಮದು ನೋಡಿಕೊಳ್ಳಿ.

ಬಹುಮಾನ

ಪ್ರದರ್ಶನದ ದಿನ ಬೀಗರು ಕೋಲೂರಿಕೊಂಡು ಕಟಕಟೆಯ ಹೊರಗೆ ನಿಂತರು. ಕೋಟು ಹಾಕಿಕೊಂಡು ಬಿಜಲಿಯನ್ನು ಒಳಗೆ ನಡೆಸಿದವನು ನಾನು. ತೀರ್ಪುಗಾರರು ಮಾತು ಕಡಿಮೆಯ ಮನುಷ್ಯ. ಅವಳ ಪಕ್ಕೆಲುಬಿನ ಮೇಲೆ ಕೈಯಾಡಿಸಿದರು. ಗೊರಸು ಎತ್ತಿ ನೋಡಿದರು. ಓಡಿಸಿ ಎಂದರು, ಓಡಿದಳು. ಎರಡನೇ ಬಹುಮಾನ ಬಂತು. ಬೀಗರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ನಾನು ಎಷ್ಟೋ ತಿಂಗಳ ಮೇಲೆ ಸರಿಯಾಗಿ ಉಸಿರು ಬಿಟ್ಟೆ.

ಬಹುಮಾನವೆಂದು ಒಂದು ಬಿಲ್ಲೆ ಕೊಟ್ಟರು. ಜೊತೆಗೊಂದು ದೊಡ್ಡ ಚೀಲ. ಚೀಲದಲ್ಲಿ ಕುದುರೆಯ ಕಾಳು, ಬೆಲ್ಲದ ಪಾಕ ಬೆರೆಸಿದ್ದು.

"ಪಾಪ, ಹಸದದ. ಒಂದ ಬೊಗಸಿ ಹಾಕೂಣು" ಎಂದು ಬೀಗರು ಚೀಲದ ಬಾಯಿ ಬಿಚ್ಚಿಯೇಬಿಟ್ಟರು. ಬಿಜಲಿ ಮೂಗು ತೂರಿಸಿದಳು. ನನಗೆ ಕೋಟು, ವಯಸ್ಸು, ಜನ ಯಾವುದೂ ನೆನಪಿಗೆ ಬರಲಿಲ್ಲ. ಚೀಲ ಎಳೆದುಕೊಂಡು ನೆಲಕ್ಕೆ ಕೂತು ಎರಡೂ ಕೈಯಲ್ಲಿ ತಬ್ಬಿಕೊಂಡೆ. ಕಾಳು ಮೀಸೆಗೆಲ್ಲ ಅಂಟಿತು.

"ಬೀಗರ, ಏಳ್ರಿ. ಫೋಟೋದಂವ ಕಾಯಾಕತ್ತಾನ."

"ಏಳೂದಿಲ್ರಿ."

"ಒಂದ ಬೊಗಸಿ, ಬೀಗರ."

"ಒಂದ ಕಾಳೂ ಕೊಡೂದಿಲ್ಲ." ಬೀಗರಿಗೆ ಇಲ್ಲ ಎಂದದ್ದು ಅದೇ ಮೊದಲು.

ದೂರದಿಂದ ನೋಡುತ್ತಿದ್ದ ತೀರ್ಪುಗಾರರು ಹತ್ತಿರ ಬಂದು ಬೀಗರನ್ನು ಸ್ವಲ್ಪ ಪಕ್ಕಕ್ಕೆ ಕರೆದರು. "ಈ ಹಿರಿಯರು ನಿಮ್ಮಲ್ಲಿ ಕೆಲಸಕ್ಕಿದ್ದಾರೆಯೇ?"

"ಛೇ ಛೇ, ನನ್ನ ಸೊಸೆಯ ತಂದೆ ಅವರು."

ತೀರ್ಪುಗಾರರು ನನ್ನನ್ನೂ ನನ್ನ ಮೀಸೆಯನ್ನೂ ಇನ್ನೊಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು:

"ಕುದುರೆಯನ್ನು ಹಿಡಿತದಲ್ಲಿಟ್ಟದ್ದು ಒಳ್ಳೆಯದಾಯಿತು. ಇವರಿಗೆ ಮಾತ್ರ ಹೊಟ್ಟೆತುಂಬ ಊಟ ಹಾಕಿ."