ಗಂಗವ್ವ ಒಂದೇ ಕಡೆ ಎಣ್ಣೆ ಹಚ್ಚುತ್ತಿದ್ದಳು

ಓದಿದವರಿಗೆ ಒಂದು ರೋಗವಿರುತ್ತದೆ. ಲೆಕ್ಕಕ್ಕೂ ಲೋಕಕ್ಕೂ ತಾಳೆಯಾಗದಿದ್ದರೆ ಅವರು ಮೊದಲು ಅನುಮಾನಿಸುವುದು ಲೋಕವನ್ನು. ಅರವತ್ತರ ದಶಕದ ಕೊನೆಯಲ್ಲಿ ನಾನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮಾಸ್ತರನಾಗಿದ್ದಾಗ ನನಗೆ ಈ ರೋಗ ಜೋರಾಗಿಯೇ ಇತ್ತು. ಹಿತ್ತಾಳೆ ತಗಡನ್ನು ಪ್ರೆಸ್ಸಿನಲ್ಲಿ ಒತ್ತಿ ಲೋಟ ಮಾಡುವಾಗ ಉಂಟಾಗುವ ಘರ್ಷಣೆಯನ್ನು ಲೆಕ್ಕದಲ್ಲಿ ಹಿಡಿಯುವುದು ನನ್ನ ಪ್ರಬಂಧದ ವಿಷಯ. ಅದು ಒಪ್ಪಿಗೆಯಾಗದಿದ್ದರೆ ನೌಕರಿ ಖಾಯಂ ಆಗುವಂತಿರಲಿಲ್ಲ. ಮನೆಯಲ್ಲಿ ಹೆಂಡತಿ ಏಳು ತಿಂಗಳ ಬಸುರಿ. ಆಗ ನಮ್ಮ ಕಡೆ ಕಂಪ್ಯೂಟರನ್ನು ಕಣ್ಣಾರೆ ಕಂಡವರು ಯಾರೂ ನನಗೆ ಗೊತ್ತಿರಲಿಲ್ಲ. ಲೆಕ್ಕವನ್ನೆಲ್ಲ ತೂತಿನ ಕಾರ್ಡುಗಳಿಗೆ ಇಳಿಸಿ, ಡಬ್ಬಿ ಕಟ್ಟಿ, ದೂರದ ಊರಿನ ಯಂತ್ರಕ್ಕೆ ಅಂಚೆಯಲ್ಲಿ ಕಳಿಸಿದರೆ ಹದಿನೈದು ದಿನಕ್ಕೆ ಉತ್ತರ ಬರುತ್ತಿತ್ತು. ಹೆಣ್ಣು ನೋಡಿ ಬಂದ ಮೇಲೂ ನಾನು ಅಷ್ಟು ಚಡಪಡಿಸಿರಲಿಲ್ಲ. ಮೂರು ಸಲ ಕಳಿಸಿದೆ. ಮೂರು ಸಲವೂ ಒಂದೇ ಉತ್ತರ: ಒತ್ತುವಾಗಲೇ ಲೋಟ ಹರಿದುಹೋಗುತ್ತದೆ.

ಆದರೆ ಬೈರಿದೇವರಕೊಪ್ಪದ ದಾರಿಯಲ್ಲಿದ್ದ ಚಿಕ್ಕ ಕಾರ್ಖಾನೆಯಲ್ಲಿ, ನಾನು ಅಳತೆ ತೆಗೆದುಕೊಂಡಿದ್ದ ಅದೇ ಪ್ರೆಸ್ಸಿನಿಂದ, ಲೋಟಗಳು ಒಂದಿಷ್ಟೂ ಹರಿಯದೆ ಬೀಳುತ್ತಲೇ ಇದ್ದವು. ಇದರಲ್ಲೇನೋ ಮೋಸವಿದೆ ಎಂದು ಒಂದು ದಿನವಿಡೀ ಅಲ್ಲೇ ಸ್ಟೂಲಿನ ಮೇಲೆ ಕೂತು ಕಾವಲು ಕಾದೆ. ತಗಡಿಗೆ ಎಣ್ಣೆ ಹಚ್ಚುವ ಕೆಲಸ ಗಂಗವ್ವನದು. ಇಪ್ಪತ್ತು ವರ್ಷದಿಂದ ಅದೇ ಕೆಲಸ. ನೋಡುತ್ತೇನೆ, ಆಕೆ ಒಂದೇ ಮೈಗೆ ಎಣ್ಣೆ ಸವರಿ, ಆ ಮೈ ಕೆಳಗಾಗಿ ಅಚ್ಚಿನ ಮೇಲಿಡುತ್ತಿದ್ದಾಳೆ. ಮೈಗಳ್ಳಿ ಸಿಕ್ಕಿಬಿದ್ದಳು ಎಂದುಕೊಂಡೆ.

“ಮ್ಯಾಲಿನ ಕಡೆ ಯಾಕ ಬಿಟ್ಟಿ, ಗಂಗವ್ವಾ?”

“ಅಲ್ಲೆ ಬ್ಯಾಡ್ರಿ ಸಾಹೇಬ್ರ.”

ಬೇಡವೆಂದರೆ ಕೇಳುವ ಮನುಷ್ಯನೇ ನಾನು? ಅಂಗಿಯ ತೋಳು ಮಡಚಿ, ಹತ್ತು ತಗಡಿಗೆ ಎರಡೂ ಕಡೆ ಧಾರಾಳವಾಗಿ ಹಚ್ಚಿ ಕೊಟ್ಟೆ. ಹತ್ತಕ್ಕೆ ಹತ್ತೂ ಬುಡದ ಅಂಚಿನಲ್ಲಿ ಹರಿದು ಬಂದವು. ಗಂಗವ್ವ ನಗಲಿಲ್ಲ. ಆ ಉಪಕಾರವನ್ನು ನಾನು ಇಂದಿಗೂ ಮರೆತಿಲ್ಲ.

“ಲೋಟದ ಹೊರಗ ಜಾರಬೇಕು, ಒಳಗ ಹಿಡೀಬೇಕ್ರಿ. ಮ್ಯಾಲಿಂದ ಒತ್ತೋ ಗುಂಡು ತಗಡನ್ನ ಗಟ್ಟಿ ಹಿಡಕೊಂಡ್ರ ಬುಡ ತಡೀತೈತಿ. ಎರಡೂ ಕಡೆ ಜಾರಿದ್ರ ಅದರ ಕೈ ಹಿಡಿಯೋರು ಯಾರ್ರಿ?” ಎಂದಳು. ದೂರದ ಯಂತ್ರದ ಲೆಕ್ಕದಲ್ಲೂ ಲೋಟ ಹರಿಯುತ್ತದೆ ಎಂದು ಹೇಳಿದೆ. ಆಕೆ ಕೇಳಿದಳು: “ನಿಮ್ಮ ಮಷೀನ್ಯಾಗ ಎಣ್ಣಿ ಯಾರು ಹಚ್ಚ್ಯಾರ್ರಿ?”

“ನಾನ.”

“ಹಂಗಾದ್ರ ಹರೀತೈತಿ ಬಿಡ್ರಿ.”

ನಿಜವೇ. ನನ್ನ ಲೆಕ್ಕದಲ್ಲಿ ಘರ್ಷಣೆಗೆ ಎರಡೂ ಮೈಗೆ ಸೇರಿ ಒಂದೇ ಅಂಕಿ ಕೊಟ್ಟಿದ್ದೆ. ಅದನ್ನು ಒಡೆದು, ಹೊರಮೈಗೆ ಕಡಿಮೆ, ಒಳಮೈಗೆ ಹೆಚ್ಚು ಮಾಡಿ ನಾಲ್ಕನೇ ಸಲ ಡಬ್ಬಿ ಕಳಿಸಿದೆ. ಲೋಟ ಉಳಿಯಿತು. ನನ್ನ ನೌಕರಿಯೂ ಉಳಿಯಿತು. ಅಂದು ಆಕೆಯ ಕಾಲಿಗೆ ಬೀಳಬೇಕೆನಿಸಿತ್ತು; ಬೀಳಲಿಲ್ಲ, ಮಾಸ್ತರಿಕೆ ಅಡ್ಡ ಬಂತು. ಬದಲಿಗೆ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ, ಪ್ರಿನ್ಸಿಪಾಲರಿಗಿಂತ ಮೇಲೆ, ಆಕೆಯ ಹೆಸರು ಹಾಕಿದೆ. ಪ್ರಿನ್ಸಿಪಾಲರು ಒಂದು ವಾರ ಮಾತು ಬಿಟ್ಟರು.

ರಟ್ಟು ಹಾಕಿ ಹೊಲಿದ ಪ್ರಬಂಧದ ಪ್ರತಿಯನ್ನು ಒಯ್ದು ಗಂಗವ್ವನಿಗೆ ತೋರಿಸಿ, ಆಕೆಯ ಹೆಸರಿನ ಮೇಲೆ ಬೆರಳಿಟ್ಟು ಓದಿದೆ. ಆಕೆ ಹೇಳಿದ್ದೆಲ್ಲ ಒಳಗೆ ಹೇಗೆ ಬಂದಿದೆ ಎಂದು ವಿವರಿಸಿದೆ. ಆಕೆ ಸೆರಗಿಗೆ ಕೈ ಒರೆಸಿಕೊಂಡು ಪುಟ ಮುಟ್ಟಿದಳು, ಕಣ್ಣು ತುಂಬಿಕೊಂಡಳು, ನನ್ನ ಕಣ್ಣೂ ತುಂಬಿತು. ಆಮೇಲೆ ಮೆಲ್ಲಗೆ ಕೇಳಿದಳು:

“ಎಲ್ಲಾ ನಾ ಹೇಳಿದ್ದ ಐತಿ ಅಂತೀರಿ. ಹಂಗಾದ್ರ ಇದರಾಗ ನೀವು ಮಾಡಿದ್ದೇನ್ರಿ?”

ಪರೀಕ್ಷಕರು ಇಂಥ ಪ್ರಶ್ನೆ ಕೇಳಿರಲಿಲ್ಲ. “ಇಂಗ್ಲಿಷಿನ್ಯಾಗ ಬರದೇನಿ, ಗಂಗವ್ವಾ” ಎಂದೆ.

“ಇರ್ಲಿ ಬಿಡ್ರಿ,” ಎಂದು ನನ್ನ ಮುಖ ನೋಡಿ ಸಮಾಧಾನ ಹೇಳಿದಳು, “ಅದನ್ನೂ ಯಾರರೆ ಮಾಡಬೇಕಲ್ರಿ.”